ಮೂರನೆಯ ಬಾರಿಗೂ ‘ದೋಷವಿಲ್ಲ’

ಚಿಕ್ಕಮಗಳೂರಿನ ಮಳೆಯಲ್ಲಿ ನೆನೆದು ಮೆತ್ತಗಾದ ಪೊಟ್ಟಣವೊಂದು ನಿನ್ನೆ ದುರಸ್ತಿ ಕೇಂದ್ರದಿಂದ ಮೂರನೆಯ ಬಾರಿಗೆ ನನ್ನ ಮನೆಗೆ ಮರಳಿತು; ಒಳಗೆ ಅಂಚೆಚೀಟಿಗಿಂತ ಚಿಕ್ಕದಾದ ಅದೇ ಡಿಕೋಡರ್ (ಹಳಿಯ ಮೂಲಕ ಬರುವ ಆದೇಶಗಳನ್ನು ಓದಿ ಮಾದರಿ ರೈಲಿನ ಎಂಜಿನ್ನನ್ನು ನಡೆಸುವ ಬಿಲ್ಲೆ), ಜೊತೆಗೆ ‘ಪರೀಕ್ಷಿಸಲಾಗಿದೆ, ದೋಷವಿಲ್ಲ’ ಎಂಬ ಅದೇ ಚೀಟಿ. ದೋಷವಿಲ್ಲದಿದ್ದರೆ ನಿಜವಾದುದರ 87ನೆಯ ಒಂದು ಪಾಲಿನಷ್ಟು (1:87) ಅಳತೆಯ ನನ್ನ ಎಂಜಿನ್ ಹತ್ತು ನಿಮಿಷ ಓಡಿ ಬಿಸಿಯಾದ ಕೂಡಲೇ, ದೀಪವನ್ನು ಮಾತ್ರ ಉರಿಸಿಕೊಂಡು, ಮೌನವ್ರತ ಹಿಡಿದಂತೆ ನಿಂತುಬಿಡುವುದೇಕೆ?

ಕಳುಹಿಸುವ ಮುನ್ನ ನಾನು ಮಾಡದ ಸೇವೆಯಾದರೂ ಯಾವುದು? ಹಳಿ ಒರೆಸಿದೆ, ಚಕ್ರಗಳನ್ನು ಉಜ್ಜಿದೆ, ಎಂಟು ಪಿನ್ನುಗಳ ಪ್ಲಗ್ಗನ್ನು ಕಿತ್ತು ಮತ್ತೆ ಕೂರಿಸಿದೆ, ಡಿಕೋಡರಿನ ಸೆಟ್ಟಿಂಗುಗಳಲ್ಲೊಂದಾದ ಸಿವಿ 8ಕ್ಕೆ 8 ಎಂದು ಬರೆದು ಕಾರ್ಖಾನೆಯಿಂದ ಬಂದ ಸ್ಥಿತಿಗೆ ತಂದು, ಅದರ ಮೂಲ ವಿಳಾಸ ಸಂಖ್ಯೆ 3ರಲ್ಲಿ ಕರೆದು ನೋಡಿದೆ. ಡಿಕೋಡರ್ ತೆಗೆದು, ಅದರ ಜಾಗದಲ್ಲಿ ವಿದ್ಯುತ್ತನ್ನು ನೇರವಾಗಿ ಮೋಟಾರಿಗೆ ಹಾಯಿಸುವ ಡಮ್ಮಿ ಪ್ಲಗ್ ಹಾಕಿ ಸಾದಾ ಡಿಸಿ ವಿದ್ಯುತ್ ಕೊಟ್ಟರೆ, ಅದೇ ಎಂಜಿನ್ ಹಗ್ಗ ಬಿಚ್ಚಿದ ಕರುವಿನಂತೆ ಗಂಟೆಗಟ್ಟಲೆ ಓಡುತ್ತದೆ. ಇಷ್ಟನ್ನೂ ಎರಡು ಪುಟ ಬರೆದು ಪೊಟ್ಟಣದಲ್ಲಿ ಇಟ್ಟಿದ್ದೆ. ಆದರೂ ಆ ಕೇಂದ್ರದವರಿಂದ ದೂರವಾಣಿಯಲ್ಲಿ ಕೇಳಿಬಂದ ಮೊದಲ ಪ್ರಶ್ನೆ: “ಸಾರ್, ಹಳಿ ಒರೆಸಿ ನೋಡಿದಿರಾ?”

ಕಡೂರಿನಿಂದ ಈ ಊರಿಗೆ ನಿಜವಾದ ರೈಲು ಬರಲು 2013ರವರೆಗೆ ಕಾದವರು ನಾವು. ಅಂಥವರ ತಾಳ್ಮೆಯನ್ನು ಊಟದ ಮೇಜಿನಷ್ಟು ಉದ್ದದ ಹಳಿಯ ಮೇಲೂ ಪರೀಕ್ಷಿಸಬೇಕೆ? ಎರಡು ಕಡೆಯ ಕೊರಿಯರ್ ವೆಚ್ಚವೂ ನನ್ನದೇ. ಕೌಂಟರಿನ ಹುಡುಗನಂತೂ ಈಗ ನನ್ನನ್ನು ಕಂಡೊಡನೆ, ಕೇಳದೆಯೇ ವಿಳಾಸ ಬರೆಯತೊಡಗುತ್ತಾನೆ.