ಹಳದಿ ಚೀಟಿಯ ಅನಧಿಕೃತ ಪ್ರವೇಶ

ನಮ್ಮ ತುಮಕೂರಿನ ಒಂದು ಕಚೇರಿಯೊಳಗೆ ಕಾಲಿಡಬೇಕಾದರೆ ಬಾಗಿಲ ಬಳಿ ಇಟ್ಟಿರುವ ವಹಿಯಲ್ಲಿ ಹೆಸರು, ವಿಳಾಸ, ಮೊಬೈಲ್ ಸಂಖ್ಯೆ, ಭೇಟಿಯ ಉದ್ದೇಶ ಹಾಗೂ ಬಂದ ವೇಳೆಯನ್ನು ಬರೆದು, ಆಧಾರ್ ಕಾರ್ಡಿನ ಜೆರಾಕ್ಸ್ ಕೊಟ್ಟು, ಕೈಚೀಲವನ್ನು ಬಿಚ್ಚಿ ತೋರಿಸಿ, ಕೊನೆಗೆ ಬರೆದ ಪೆನ್ನನ್ನು ಇದ್ದಲ್ಲಿಯೇ ಇಡಬೇಕು. ಆ ಪೆನ್ನಿಗೆ ದಾರ ಕಟ್ಟಿದ್ದಾರೆ. ದಾರದ ಇನ್ನೊಂದು ತುದಿಯನ್ನು ಮೇಜಿನ ಕಾಲಿಗೆ ಬಿಗಿದಿದ್ದಾರೆ. ಐದು ರೂಪಾಯಿಯ ಪೆನ್ನು ಕೂಡ ಆವರಣ ದಾಟದಂತೆ ಕಾಯುವ ಈ ಕಚೇರಿಯ ಹೆಸರನ್ನು ನಾನು ಹೇಳುವುದಿಲ್ಲ, ಏಕೆಂದರೆ ಹೇಳಿದರೆ ಊರಿನ ಉಳಿದ ಕಚೇರಿಗಳು ತಮ್ಮನ್ನು ಕಡೆಗಣಿಸಲಾಯಿತೆಂದು ನೊಂದುಕೊಂಡಾವು.

ಸಾರ್ವಜನಿಕರ ದೂರುಗಳನ್ನು ಮೊಬೈಲಿನಲ್ಲೇ ಸ್ವೀಕರಿಸುವ ಆ್ಯಪ್ ಒಂದನ್ನು ಈ ಕಚೇರಿ ಮಾಡಿಸುತ್ತಿತ್ತು. ಅದರ ವಿನ್ಯಾಸವನ್ನು ನೋಡಿ ಸಲಹೆ ಕೊಡಲೆಂದು ಕರೆಸಿಕೊಂಡ ನಾಗರಿಕರಲ್ಲಿ ನಾನೂ ಒಬ್ಬ. ವಿನ್ಯಾಸ ಇನ್ನೂ ಗೋಪ್ಯ ಹಂತದಲ್ಲಿರುವುದರಿಂದ ಫೋಟೊ ತೆಗೆಯಬಾರದು, ಮೊಬೈಲುಗಳನ್ನು ಸಭಾಂಗಣದ ಹೊರಗಿನ ತಟ್ಟೆಯಲ್ಲಿ ಇಡಬೇಕು ಎಂದು ಅಪ್ಪಣೆಯಾಯಿತು. ಇಡುವ ಮುಂಚೆ ಅಭ್ಯಾಸಬಲದಿಂದ ಒಮ್ಮೆ ತೆರೆದು ನೋಡಿದರೆ, ಅದೇ ಗೋಪ್ಯ ವಿನ್ಯಾಸದ ಲಿಂಕ್ ಹಿಂದಿನ ರಾತ್ರಿಯೇ ನಮ್ಮ ಬಡಾವಣೆಯ ವಾಟ್ಸ್‌ಆ್ಯಪ್ ಗುಂಪಿಗೆ ಬಂದು, ಶುಭೋದಯ ಕೋರುವ ಗುಲಾಬಿ ಹೂವಿಗೂ ‘ಮನೆ ಭೋಗ್ಯಕ್ಕಿದೆ’ ಎಂಬ ಪ್ರಕಟಣೆಗೂ ನಡುವೆ ಸಮಾಧಾನವಾಗಿ ಕುಳಿತಿತ್ತು. ಒತ್ತಿದೆ. ವಹಿ ಇಲ್ಲ, ಆಧಾರ್ ಇಲ್ಲ, ಚೀಲ ಬಿಚ್ಚುವ ಮಾತಿಲ್ಲ, ನೇರವಾಗಿ ಒಳಗೆ.

ಒಳಗೆ ಎಂದರೆ ಎಲ್ಲಿಗೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಆ್ಯಪಿನ ಪರದೆಗಳನ್ನು ಚಿತ್ರಿಸಿದ್ದು ಫಿಗ್ಮಾ ಎಂಬ ತಂತ್ರಾಂಶದಲ್ಲಿ. 2016ರಲ್ಲಿ ಸಾರ್ವಜನಿಕ ಬಳಕೆಗೆ ಬಂದ ಇದರಲ್ಲಿ ಹಲವರು ಒಂದೇ ಕಡತದ ಮೇಲೆ ಏಕಕಾಲಕ್ಕೆ ಕೆಲಸ ಮಾಡಬಹುದು. ಸಭೆಯ ಚರ್ಚೆಗೆ ಬಳಸಿದ್ದು ಬೇರೊಂದು ಸೇವೆಯ ವೈಟ್‌ಬೋರ್ಡ್, ಅಂದರೆ ಎಲ್ಲರೂ ಬಂದು ಬಣ್ಣದ ಚೀಟಿ ಅಂಟಿಸಿ, ಬಾಣ ಎಳೆದು, ಅಭಿಪ್ರಾಯ ಬರೆಯುವ ಡಿಜಿಟಲ್ ಬಿಳಿ ಹಲಗೆ. ಫಿಗ್ಮಾದ ಕಡತವನ್ನು ಈ ಹಲಗೆಯ ಮೇಲೆ ಕಾಣಿಸುವಂತೆ ಮಾಡುವುದಕ್ಕೆ ಎಂಬೆಡ್ ಎನ್ನುತ್ತಾರೆ. ಹೀಗೆ ಮಾಡಿದಾಗ ಕಡತ ಹಲಗೆಗೆ ಬಂದು ಸೇರುವುದಿಲ್ಲ. ಹಲಗೆಯಲ್ಲಿ ಒಂದು ಕಿಟಕಿ ಕೊರೆದಂತಾಗುತ್ತದೆ, ಅದರ ಆಚೆ ಮೂಲ ಕಡತ ತನ್ನ ಮನೆಯಲ್ಲೇ ಇರುತ್ತದೆ. ಆದ್ದರಿಂದ ಇಲ್ಲಿ ಬೀಗಗಳು ಎರಡು. ಹಲಗೆಯನ್ನು ಯಾರು ಮುಟ್ಟಬಹುದು ಎಂಬುದಕ್ಕೆ ಹಲಗೆಯ ಬೀಗ, ಕಿಟಕಿಯಾಚೆಗಿನ ಕಡತವನ್ನು ಯಾರು ನೋಡಬಹುದು ಎಂಬುದಕ್ಕೆ ಕಡತದ ಬೀಗ. ಒಂದರ ಕೀಲಿ ಇನ್ನೊಂದಕ್ಕೆ ಆಗುವುದಿಲ್ಲ. ನಮ್ಮ ಕಚೇರಿ ಎರಡನ್ನೂ ‘ಲಿಂಕ್ ಇರುವ ಯಾರಾದರೂ’ ಎಂಬ ಸ್ಥಿತಿಯಲ್ಲಿ ಬಿಟ್ಟು, ಮೂರನೆಯದಾದ ಸಭಾಂಗಣದ ಬಾಗಿಲಿಗೆ ಮಾತ್ರ ಕಾವಲು ಹಾಕಿತ್ತು.

ಕಿಟಕಿಯಾಚೆ ಬರೀ ಗುಂಡಿಗಳೂ ಚೌಕಗಳೂ ಇದ್ದಿದ್ದರೆ ಚಿಂತೆ ಇರಲಿಲ್ಲ. ಆದರೆ ವಿನ್ಯಾಸಕ್ಕೆ ಜೀವಕಳೆ ಬರಲೆಂದು ಯಾರೋ ಪುಣ್ಯಾತ್ಮರು ಹಳೆಯ ದೂರು ವಹಿಯಿಂದ ನಿಜವಾದ ಜನರ ಹೆಸರು, ಮನೆ ಸಂಖ್ಯೆ, ಫೋನ್ ನಂಬರುಗಳನ್ನು ಎತ್ತಿ ಮಾದರಿಯಾಗಿ ತುಂಬಿದ್ದರು. ‘ಬೀದಿನಾಯಿ ಕಾಟ’ ಎಂಬ ಪರದೆಯಲ್ಲಿ ನನ್ನ ಪಕ್ಕದ ಬೀದಿಯವರೊಬ್ಬರು ತಮಗೇ ತಿಳಿಯದಂತೆ ಮಾದರಿ ನಾಗರಿಕರಾಗಿದ್ದರು. ವೈಯಕ್ತಿಕ ಮಾಹಿತಿಯನ್ನು ಕಾಪಾಡಲು ತಕ್ಕ ಭದ್ರತೆ ಮಾಡದವರಿಗೆ ಗರಿಷ್ಠ 250 ಕೋಟಿ ರೂಪಾಯಿ ದಂಡ ವಿಧಿಸಲು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಅವಕಾಶ ಮಾಡಿಕೊಟ್ಟಿದೆ. ಸಭೆಯಲ್ಲಿ ಇದನ್ನು ಮೆಲ್ಲಗೆ ಪ್ರಸ್ತಾಪಿಸಿದಾಗ, ಮಾಹಿತಿ ನಿಜವಾದದ್ದಾದರೂ ಆ್ಯಪ್ ಇನ್ನೂ ನಿಜವಲ್ಲವಾದ್ದರಿಂದ ಕಾಯ್ದೆ ಅನ್ವಯಿಸುವುದಿಲ್ಲವೆಂದು ಒಬ್ಬ ಹಿರಿಯ ಅಧಿಕಾರಿಗಳು ತೀರ್ಪಿತ್ತರು.

ಅಷ್ಟರಲ್ಲಿ ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ‘ಅತಿಥಿ’ ಎಂಬ ಹೆಸರು ಹೊತ್ತ ಒಂದು ಬಾಣದ ಗುರುತು ಕಾಣಿಸಿಕೊಂಡಿತು. ಅದು ದೂರು ದಾಖಲಿಸುವ ಮುಖ್ಯ ಪರದೆಯ ಸುತ್ತ ಎರಡು ಸಲ ಸುಳಿದಾಡಿ, ಜಾಗ ನೋಡಿಕೊಂಡು, ಒಂದು ಹಳದಿ ಚೀಟಿಯನ್ನು ಅಂಟಿಸಿತು. ಚೀಟಿಯಲ್ಲಿ ಅಕ್ಷರಗಳು ಒಂದೊಂದಾಗಿ ಮೂಡಿದವು: ‘ನಲ್ಲೀಲಿ ನೀರು ಬಂದು 9 ದಿನ ಆಯ್ತು ಸಾರ್, ಸ್ವಲ್ಪ ನೋಡಿ.’ ಗೊರೂರಿನ ಅಣೆಕಟ್ಟೆಯಿಂದ ಹೊರಟ ಹೇಮಾವತಿ ಬುಗುಡನಹಳ್ಳಿ ಕೆರೆಗೆ ಬಂದು, ಶುದ್ಧವಾಗಿ, ನಮ್ಮ ನಲ್ಲಿಗಳಿಗೆ ತಲುಪಬೇಕಾದರೆ ಎಷ್ಟೋ ಗೇಟುಗಳನ್ನೂ ವಾಲ್ವುಗಳನ್ನೂ ದಾಟಬೇಕು. ಆ ದೂರು ಮಾತ್ರ ಒಂದನ್ನೂ ದಾಟದೆ ಸಭೆಯ ಮಧ್ಯಕ್ಕೆ ಬಂದುಬಿಟ್ಟಿತ್ತು. ಆ್ಯಪ್ ಇನ್ನೂ ಹುಟ್ಟಿರಲಿಲ್ಲ, ಅದಕ್ಕಾಗಲೇ ಮೊದಲ ದೂರು ಬಂದಿತ್ತು. ಯಾವ ತಂತ್ರಾಂಶಕ್ಕೂ ಇದಕ್ಕಿಂತ ಶುಭವಾದ ಶಕುನ ಸಿಗಲಾರದೆಂದು ನಾನು ಎಣಿಸಿದ್ದೆ.

ಕಚೇರಿ ಹಾಗೆ ಎಣಿಸಲಿಲ್ಲ. ಚೀಟಿಯನ್ನು ‘ಅನಧಿಕೃತ ಪ್ರವೇಶ’ ಎಂದು ವರ್ಗೀಕರಿಸಿ, ವಿಚಾರಣೆ ಮುಗಿಯುವ ತನಕ ಅದನ್ನು ಸಾಕ್ಷ್ಯವೆಂದು ಪರಿಗಣಿಸಿ ಯಾರೂ ಅಳಿಸತಕ್ಕದ್ದಲ್ಲವೆಂದು ತೀರ್ಮಾನಿಸಲಾಯಿತು. ಸಾಕ್ಷ್ಯವಾದ ಮೇಲೆ ಅದು ದೂರಲ್ಲ, ಆದ್ದರಿಂದ ಅದರ ಮೇಲೆ ಕ್ರಮ ಜರುಗಿಸುವ ಪ್ರಶ್ನೆಯೇ ಉದ್ಭವಿಸುವುದಿಲ್ಲ. ಬರೆದವರು ಯಾರೆಂದು ಪತ್ತೆಮಾಡಲು ದಿನಚರಿ ತೆಗೆಯಿರಿ ಎಂದರು. ಇಂಥ ಸೇವೆಗಳಲ್ಲಿ ಯಾರು ಯಾವಾಗ ಬಂದು ಏನು ಮಾಡಿದರೆಂಬ ಲೆಕ್ಕಪರಿಶೋಧನೆಯ ದಿನಚರಿ ಸಾಮಾನ್ಯವಾಗಿ ದೊಡ್ಡ ಸಂಸ್ಥೆಗಳಿಗಾಗಿ ಇರುವ ದುಬಾರಿ ಯೋಜನೆಯಲ್ಲಿ ಸಿಗುತ್ತದೆ. ಕಚೇರಿ ಬಳಸುತ್ತಿದ್ದುದು ಉಚಿತ ಯೋಜನೆ. ಭದ್ರತಾ ಘಟನೆಯನ್ನು ಗಮನಿಸಿದ 6 ಗಂಟೆಯೊಳಗೆ ವರದಿ ಮಾಡಬೇಕು, ದಿನಚರಿಯನ್ನು 180 ದಿನ ಕಾಪಿಡಬೇಕು ಎಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನ ಸರ್ಕಾರಿ ಸಂಸ್ಥೆಗಳನ್ನೂ ಒಳಗೊಂಡಿದೆ. ಘಟನೆಯನ್ನು ಗಮನಿಸಿದವರು ಯಾರು ಎಂಬ ಬಗ್ಗೆ ಒಮ್ಮತ ಮೂಡದ ಕಾರಣ ಆ 6 ಗಂಟೆ ಇನ್ನೂ ಆರಂಭವಾಗಿಲ್ಲ.

ಮೂರು ವಾರಗಳಲ್ಲಿ ಸುತ್ತೋಲೆ ಹೊರಬಿತ್ತು. ಎಂಬೆಡ್ ಎಂಬುದನ್ನು ಅದರಲ್ಲಿ ‘ಹುದುಗಿಸುವಿಕೆ’ ಎಂದು ಕನ್ನಡಿಸಿದ್ದರು, ಅದಕ್ಕೆ ನನ್ನ ಆಕ್ಷೇಪವಿಲ್ಲ, ಒಳ್ಳೆಯ ಪದ. ಹುದುಗಿಸಲು ಇಚ್ಛಿಸುವವರು ನಿಗದಿತ ನಮೂನೆಯಲ್ಲಿ ಕೋರಿಕೆ ಸಲ್ಲಿಸಬೇಕು. ವಿಷಯ ನಿರ್ವಾಹಕರು ಟಿಪ್ಪಣಿ ಹಾಕಿ ಅಧೀಕ್ಷಕರಿಗೆ ಮಂಡಿಸಬೇಕು. ಅಧೀಕ್ಷಕರು ತಮ್ಮ ಷರಾದೊಂದಿಗೆ ಮೇಲಕ್ಕೆ ಕಳಿಸಬೇಕು. ಮೇಲಿನವರು ‘ಚರ್ಚಿಸಿ’ ಎಂದು ಬರೆದು ಕೆಳಕ್ಕೆ ಕಳಿಸಬೇಕು. ಕ್ಯಾತ್ಸಂದ್ರದ ತಟ್ಟೆ ಇಡ್ಲಿಯ ಹಿಟ್ಟು ಹುದುಗು ಬರಲು ಒಂದು ರಾತ್ರಿ ಸಾಕು, ಕಡತ ಹುದುಗು ಬರಲು ನಾಲ್ಕು ಮೇಜು ಬೇಕು. ಅಡ್ಮಿನ್ ಪಾಸ್‌ವರ್ಡನ್ನು ಲಕೋಟೆಯಲ್ಲಿ ಹಾಕಿ, ಅರಗಿನ ಮುದ್ರೆ ಒತ್ತಿ, ಕಬ್ಬಿಣದ ಬೀರುವಿನಲ್ಲಿಟ್ಟು, ಅದರ ಎರಡು ಕೀಲಿಗಳನ್ನು ಇಬ್ಬರು ಬೇರೆ ಬೇರೆ ಅಧಿಕಾರಿಗಳ ವಶಕ್ಕೆ ಒಪ್ಪಿಸತಕ್ಕದ್ದು ಎಂದೂ ಅದರಲ್ಲಿತ್ತು.

ಈ ಏರ್ಪಾಡಿನಲ್ಲಿ ಇದ್ದ ಕೊರತೆ ಒಂದೇ. ಲಕೋಟೆಯಲ್ಲಿದ್ದದ್ದು ಹಲಗೆಯ ಪಾಸ್‌ವರ್ಡ್. ಅದರ ಒಡೆತನ ಹೋದ ವರ್ಷ ಕಲಬುರಗಿಗೆ ವರ್ಗವಾಗಿ ಹೋದ ಅಧಿಕಾರಿಗಳ ಸ್ವಂತ ಇಮೇಲಿನ ಹೆಸರಿನಲ್ಲಿತ್ತು, ಮತ್ತು ಅವರು ಹೋಗುವಾಗ ಮೇಜು, ಕುರ್ಚಿ, ಮೊಳೆ ಹೊಡೆಯುವ ಸುತ್ತಿಗೆಯವರೆಗೆ ಎಲ್ಲವನ್ನೂ ಪಟ್ಟಿ ಮಾಡಿ ಹಸ್ತಾಂತರಿಸಿದ್ದರೂ ಇದನ್ನು ಹಸ್ತಾಂತರಿಸಬೇಕೆಂದು ಯಾರೂ ಕೇಳಿರಲಿಲ್ಲ. ವಿನ್ಯಾಸದ ಕಡತವಂತೂ ಗುತ್ತಿಗೆಯ ಮೇಲೆ ಕೆಲಸ ಮಾಡಿಕೊಟ್ಟ ಬೆಂಗಳೂರಿನ ಯುವಕನ ವೈಯಕ್ತಿಕ ಖಾತೆಯಲ್ಲಿತ್ತು. ಅಂದರೆ ಸಾರ್ವಜನಿಕರ ಹಣದಿಂದ ಮಾಡಿಸಿದ ಕಡತಕ್ಕೆ ಕಚೇರಿಯೇ ಅತಿಥಿ, ಚೀಟಿ ಅಂಟಿಸಿದವನಿಗೂ ಅದಕ್ಕೂ ಸ್ಥಾನಮಾನದಲ್ಲಿ ವ್ಯತ್ಯಾಸವಿರಲಿಲ್ಲ. ಸಂಸ್ಥೆಯ ಹೆಸರಿನಲ್ಲಿ ಖಾತೆ ತೆರೆದು, ನೌಕರರು ಕಚೇರಿಯ ಗುರುತಿನಿಂದಲೇ ಒಳಬರುವಂತೆ ಮಾಡಿದ್ದರೆ, ವರ್ಗವಾದವರ ಪ್ರವೇಶವನ್ನು ಅದೇ ದಿನ ನಿಲ್ಲಿಸಬಹುದಿತ್ತು. ಆದರೆ ಅದಕ್ಕೆ ಅರಗು ಬೇಕಾಗುವುದಿಲ್ಲ. ಹಾಗಾದರೆ ಫಿಗ್ಮಾ ಕಂಪನಿಯನ್ನೇ ಕರೆಸಿ ಮಾತನಾಡೋಣ ಎಂದು ಒಬ್ಬರು ಉತ್ಸಾಹದಿಂದ ಹೇಳಿದರು. ಅದನ್ನು 2,000 ಕೋಟಿ ಡಾಲರಿಗೆ ಕೊಳ್ಳುತ್ತೇವೆಂದು 2022ರಲ್ಲಿ ಘೋಷಿಸಿದ ಅಡೋಬಿ ಕಂಪನಿಯೇ ಯುರೋಪಿನ ಮತ್ತು ಬ್ರಿಟನ್ನಿನ ನಿಯಂತ್ರಕರ ಅನುಮತಿ ಸಿಗುವ ಸೂಚನೆ ಕಾಣದೆ 2023ರ ಡಿಸೆಂಬರಿನಲ್ಲಿ ಕೈಚೆಲ್ಲಿತು. ಅನುಮತಿಯ ವಿಷಯದಲ್ಲಿ ನಾವು ಒಂಟಿಯಲ್ಲ ಎಂಬ ಸಮಾಧಾನಕ್ಕಾಗಿ ಇದನ್ನು ಬರೆದೆ.

ಬೆಂಗಳೂರಿನ ಯುವಕನಿಗೆ ಮೂರು ನೋಟಿಸು ಹೋದ ಮೇಲೆ ಅವನು ಕಡತಕ್ಕೆ ಬೀಗ ಹಾಕಿದ. ಆಹ್ವಾನ ಪಡೆದವರಿಗಷ್ಟೇ ಕಾಣುವಂತೆ ಮಾಡಿ, ಕಚೇರಿಯ ಒಂದು ಇಮೇಲಿಗೆ ಆಹ್ವಾನ ಕಳಿಸಿದ. ಮುಂದಿನ ವಾರದ ಸಭೆಗೆ ಹದಿನಾಲ್ಕು ಜನ ಸೇರಿದ್ದೆವು. ಗೋಡೆಯ ಪರದೆಯಲ್ಲಿ ವಿನ್ಯಾಸವಿದ್ದ ಜಾಗದಲ್ಲಿ ಬೂದು ಬಣ್ಣದ ಒಂದು ಚೌಕ, ಅದರೊಳಗೆ ಲಾಗಿನ್ ಆಗಿರಿ ಎಂಬ ಸಣ್ಣ ಸಾಲು. ಹಲಗೆಯೊಳಗೆ ಬಂದವರಿಗೆಲ್ಲ ಕಡತವೂ ಕಾಣುವುದೆಂಬ ನಿಯಮವಿಲ್ಲವಲ್ಲ. ಪ್ರತಿಯೊಬ್ಬರೂ ಕಡತದ ಬಾಗಿಲಲ್ಲಿ ತಮ್ಮ ಗುರುತು ಹೇಳಲೇಬೇಕು. ಇಡೀ ಕಚೇರಿಗೆ ಇದ್ದದ್ದು ಒಂದೇ ಇಮೇಲ್, ಅದರ ಒಟಿಪಿ ಹೋಗುವುದು ಖಾತೆ ತೆರೆದ ದಿನ ಎದುರಿಗಿದ್ದ ಅಟೆಂಡರ್ ಒಬ್ಬರ ಮೊಬೈಲಿಗೆ, ಅವರ ಮೊಬೈಲ್ ಇದ್ದದ್ದು ಸಭಾಂಗಣದ ಹೊರಗಿನ ತಟ್ಟೆಯಲ್ಲಿ, ತಟ್ಟೆಯಿಂದ ಮೊಬೈಲ್ ಎತ್ತಲು ಬೇಕಾದ ಚೀಟಿಗೆ ಸಹಿ ಹಾಕುವವರು ಅಂದು ರಜೆಯ ಮೇಲೆ. ಬೂದು ಚೌಕವನ್ನು ಮುಕ್ಕಾಲು ಗಂಟೆ ನೋಡಿ, ಬಣ್ಣ ಸ್ವಲ್ಪ ತಿಳಿಯಾಗಿದ್ದರೆ ಚೆನ್ನಾಗಿತ್ತೆಂದು ಒಬ್ಬ ಸದಸ್ಯರು ಸಲಹೆ ಕೊಟ್ಟರು; ಅದನ್ನು ನಡಾವಳಿಯಲ್ಲಿ ದಾಖಲಿಸಿಕೊಂಡರು.

ಆಗ ಕಂಪ್ಯೂಟರ್ ಆಪರೇಟರ್ ಹುಡುಗಿ, ‘ಬೀಗ ಹಾಕೋಕೆ ಮೊದಲೇ ತೆಗೆದಿಟ್ಟ ಸ್ಕ್ರೀನ್‌ಶಾಟ್ ಇದೆ ಸರ್’ ಎಂದಳು. ಸಭೆ ಉಸಿರುಬಿಟ್ಟಿತು. ಕಿಟಕಿಯ ಮೂಲಕ ಕಾಣುವುದನ್ನು ಮೂಲದಲ್ಲಿ ಬೀಗ ಹಾಕಿ ನಿಲ್ಲಿಸಬಹುದು. ಆದರೆ ಒಮ್ಮೆ ಚಿತ್ರವಾಗಿ ಹೊರಬಿದ್ದದ್ದಕ್ಕೆ ಯಾವ ಅಡ್ಮಿನ್ನನ ಬೀಗವೂ ನಾಟುವುದಿಲ್ಲ. ಅದು ಕಡತದ ಮಾತನ್ನೂ ಕೇಳುವುದಿಲ್ಲ, ಹಲಗೆಯ ಮಾತನ್ನೂ ಕೇಳುವುದಿಲ್ಲ. ಪಕ್ಕದ ಬೀದಿಯವರ ಫೋನ್ ನಂಬರು ಸಮೇತ ಹದಿನಾಲ್ಕು ಬಣ್ಣದ ಪ್ರತಿಗಳು ಮುದ್ರಣವಾದವು. ಸುತ್ತೋಲೆ ಹುದುಗಿಸುವಿಕೆಯನ್ನು ನಿಯಂತ್ರಿಸಿತ್ತೇ ಹೊರತು ಜೆರಾಕ್ಸನ್ನಲ್ಲ, ಆದ್ದರಿಂದ ಎಲ್ಲವೂ ನಿಯಮಾನುಸಾರವೇ ಇತ್ತು. ಒಂದು ಪ್ರತಿಯನ್ನು ಸಾರ್ವಜನಿಕರ ಮಾಹಿತಿಗಾಗಿ ಬಾಗಿಲ ಬಳಿಯ ಫಲಕಕ್ಕೆ ಅಂಟಿಸಿದರು, ಸರಿಯಾಗಿ ಆ ಪೆನ್ನಿನ ಮೇಲ್ಗಡೆ.

ಮನೆಗೆ ಬಂದು ರಾತ್ರಿ ವಾಟ್ಸ್‌ಆ್ಯಪ್ ಗುಂಪಿನ ಹಳೆಯ ಲಿಂಕನ್ನು ಹುಡುಕಿ ಒತ್ತಿದೆ. ಇಷ್ಟೆಲ್ಲ ಆದಮೇಲೂ ಅದು ತೆರೆಯಿತು. ಬೀಗ ಬಿದ್ದದ್ದು ಕಡತಕ್ಕೆ. ಹಲಗೆಯ ಬೀಗದ ವಿಷಯವನ್ನು ಸುತ್ತೋಲೆ ಎತ್ತಿರಲಿಲ್ಲ, ಎತ್ತಿದ್ದರೂ ಕೀಲಿ ಕಲಬುರಗಿಯಲ್ಲಿತ್ತು. ಆ್ಯಪಿನ ಗುಂಡಿಗಳು, ಪರದೆಗಳು, ಕಚೇರಿಯ ಲಾಂಛನ, ಸ್ವಾಗತದ ಸಾಲು ಎಲ್ಲವೂ ಮಾಯವಾಗಿ ಬೂದು ಚೌಕ ಮಾತ್ರ ಉಳಿದಿತ್ತು. ಚೀಟಿ ಹಲಗೆಯದ್ದು, ಕಡತದ್ದಲ್ಲ. ಹಾಗಾಗಿ ಅದು ಚೌಕದ ನಡುಮಧ್ಯೆ ಮೊದಲಿಗಿಂತ ಸ್ಪಷ್ಟವಾಗಿ, ಹಳದಿಯಾಗಿ ಹೊಳೆಯುತ್ತಿತ್ತು. ನಾನು ನೋಡುತ್ತಿದ್ದಂತೆಯೇ ‘ಅತಿಥಿ’ ಬಂದ. 9 ಎಂಬುದನ್ನು ಅಳಿಸಿ 37 ಎಂದು ತಿದ್ದಿ, ‘ಸಾರ್’ ಎಂಬುದನ್ನು ಮಾತ್ರ ಹಾಗೆಯೇ ಉಳಿಸಿ, ಹೊರಟುಹೋದ.