ಊರಿಗೆ ಹೋದವರ ಬಾಟಲಿ

ಮುಂಬೈ ಕನ್ನಡಿಗರ ಶೋಕೇಸಿನಲ್ಲಿ ಯಕ್ಷಗಾನದ ಗೊಂಬೆ, ಮಕ್ಕಳು ಗೆದ್ದ ಕಪ್ಪು, ಯಾರೋ ತಂದುಕೊಟ್ಟ ಬಿಳಿ ವೈನ್ ಮೂರೂ ಒಂದೇ ಸಾಲಿನಲ್ಲಿ ನಿಂತಿರುವುದನ್ನು ಕಂಡರೆ ಮೈ ಉರಿಯುತ್ತದೆ. ಕಿಟಕಿಯ ಬೆಳಕು ಬಿದ್ದರೆ ಗೊಂಬೆಯ ಬಣ್ಣ ಮಾಸೀತು, ಅಷ್ಟೇ. ಬಣ್ಣವಿಲ್ಲದ ಗಾಜಿನೊಳಗಿನ ವೈನಿಗೆ ಬೆಂದ ಕೋಸಿನ ವಾಸನೆ ಹುಟ್ಟುತ್ತದೆ. ಕೇಳಿದರೆ, "ಒಳ್ಳೆಯ ದಿನಕ್ಕೆ ಇರಲಿ ಅಂತ" ಎನ್ನುತ್ತಾರೆ. ಪೀಪಾಯಿಯ ಮರ ಮುಟ್ಟದೆ ಸ್ಟೀಲ್ ಟ್ಯಾಂಕಿನಿಂದ ನೇರ ಬಂದ ನಾಸಿಕ್‌ನ ಶೆನಿನ್ ಬ್ಲಾಂಕ್ ಎಂಬ ಬಿಳಿ ವೈನಿಗೆ ಅಷ್ಟು ತಾಳ್ಮೆಯಿಲ್ಲ. ಜನವರಿ–ಮಾರ್ಚ್‌ನಲ್ಲಿ ಕೊಯ್ಲು, ಅದೇ ವರ್ಷ, ಹೆಚ್ಚೆಂದರೆ ಮರುವರ್ಷ ಕುಡಿಯಬೇಕು. ಕಾಣೆ ಮೀನಿನ ಫ್ರೈಗೆ ಅದು ಯಾಕೆ ಅಷ್ಟು ಒಪ್ಪುತ್ತದೆ ಎಂಬುದು ಬರೆಯಬೇಕಾದ ವಿಷಯ. ಆದರೆ ಅದಕ್ಕೆ ಮೊದಲು ಮೇ ತಿಂಗಳು ದಾಟಬೇಕಲ್ಲ.

ಮೇ ಅಂದರೆ ಊರು. ಮತ್ಸ್ಯಗಂಧ ರೈಲಿನಲ್ಲಿ ಸೀಟು ಖಾತ್ರಿಯಾಯಿತೆಂದರೆ ಗ್ಯಾಸ್ ಬಂದ್, ನಲ್ಲಿ ಬಂದ್, ಫ್ರಿಜ್ ಖಾಲಿ ಮಾಡಿ ಮೇನ್ ಸ್ವಿಚ್ಚೂ ಬಂದ್. ಹಾಲು ಪಕ್ಕದ ಮನೆಗೆ, ಮಲ್ಲಿಗೆ ಗಿಡ ಪಕ್ಕದ ಮನೆಗೆ. ವೈನ್ ಮಾತ್ರ ಮರ್ಯಾದೆಗೆ ಅಂಜಿ ಉಕ್ಕಿನ ಕಪಾಟಿನೊಳಗೆ, ಸೀರೆಗಳ ಹಿಂದೆ! ಡೊಂಬಿವಲಿಯ ಮೇಲ್ಮಹಡಿ, ಪಶ್ಚಿಮದ ಗೋಡೆ, ಮುಚ್ಚಿದ ಕಿಟಕಿ. ಒಳಗೆ 35 ಡಿಗ್ರಿ ದಾಟಲು ಇನ್ನೇನು ಬೇಕು? ಹಗಲು ವೈನ್ ಹಿಗ್ಗಿ ಕಾರ್ಕನ್ನು ತಳ್ಳುತ್ತದೆ, ರಾತ್ರಿ ಕುಗ್ಗಿ ಗಾಳಿ ಎಳೆದುಕೊಳ್ಳುತ್ತದೆ. ಮಳೆಗಾಲಕ್ಕೆ ಮರಳುವಷ್ಟರಲ್ಲಿ ತಿಳಿಬಣ್ಣ ಹಳದಿಗೆ ತಿರುಗಿ, ನಿಂಬೆ ಸಿಪ್ಪೆಯ ಪರಿಮಳ ಹೋಗಿ, ಕೊಯ್ದಿಟ್ಟ ಸೇಬಿನ ವಾಸನೆ. ಪೀಪಾಯಿಯಲ್ಲಿ ಮಾಗಿದ್ದಾದರೆ ವೆನಿಲಾ ಕಂಪು ತುಸು ಮರೆಮಾಚೀತು. ಇದಕ್ಕೆ ಆ ಮರೆಯೂ ಇಲ್ಲ.

ಥರ್ಮಾಕೋಲ್ ಪೆಟ್ಟಿಗೆಯಲ್ಲಿಟ್ಟರೆ ಹಗಲು–ರಾತ್ರಿಯ ಏರಿಳಿತ ತಗ್ಗುತ್ತದೆ, ಒಟ್ಟು ಸೆಕೆ ತಗ್ಗುವುದಿಲ್ಲ. ಒದ್ದೆ ಗೋಣಿ ಸುತ್ತುವ ಉಪಾಯ ಪುಣೆಯ ಒಣ ಏಪ್ರಿಲ್‌ನಲ್ಲಿ ನಡೆದೀತು. ಮುಂಬೈ, ಗೋವಾದ ತೇವದ ಗಾಳಿಯಲ್ಲಿ ಗೋಣಿಗೆ ಬೂಷ್ಟು ಬರುತ್ತದೆ. ಹಾಲು ಹೋದ ದಾರಿಯಲ್ಲೇ ಬಾಟಲಿಯೂ ಹೋಗಲಿ: ಪಕ್ಕದ ಮನೆಯ ಫ್ರಿಜ್ಜಿನ ಕೆಳಖಾನೆಗೆ. ಬಾಗಿಲಿನಲ್ಲಿ ಬೇಡ, ತೆರೆದಾಗೆಲ್ಲ ಕುಲುಕಿ ಬಿಸಿಯಾಗುತ್ತದೆ. ತಿರುಪು ಮುಚ್ಚಳದ್ದು ನಿಂತರೂ ಸರಿ. ಕಾರ್ಕಿನದು ಮಲಗಿರಬೇಕು, ಅದೂ ಎರಡು ಮೂರು ತಿಂಗಳಷ್ಟೇ, ಫ್ರಿಜ್ಜಿನ ಒಣಗಾಳಿಗೆ ಕಾರ್ಕ್ ಬಿರಿಯುತ್ತದೆ. ಪಕ್ಕದವರು ಒಪ್ಪದಿದ್ದರೆ ಹೊರಡುವ ಹಿಂದಿನ ರಾತ್ರಿ ಕುಡಿದು ಮುಗಿಸುವುದೇ ನ್ಯಾಯ.

ಆಗಲೂ ಬಕೆಟ್ಟಿಗೆ ಬರಿ ಐಸ್ ಸುರಿಯುತ್ತಾರೆ! ಐಸ್ ಗಾಜಿಗೆ ಅಲ್ಲಲ್ಲಿ ತಾಗುತ್ತದೆ, ಉಳಿದೆಡೆ ಗಾಳಿ. ಅರ್ಧ ಐಸ್, ಅರ್ಧ ನೀರು, ಒಂದು ಹಿಡಿ ಉಪ್ಪು. ಬಾಟಲಿ ಕುತ್ತಿಗೆವರೆಗೆ ಮುಳುಗಿದರೆ 20 ನಿಮಿಷದಲ್ಲಿ ಬೇಕಾದ 8–10 ಡಿಗ್ರಿಯ ಆಸುಪಾಸು. ಫ್ರೀಜರಿನಲ್ಲಿಟ್ಟು ಧಾರಾವಾಹಿ ನೋಡುತ್ತ ಮರೆತೇಬಿಟ್ಟರೆ ಹೆಪ್ಪುಗಟ್ಟಿ ಕಾರ್ಕ್ ಹೊರಬಂದೀತು. 750 ಮಿ.ಲೀ.ಗೆ ಐದು ಗ್ಲಾಸು. ಊರಿಗೆ ಹೊರಡದ ದಿನಗಳಲ್ಲಾದರೆ, ಉಳಿದದ್ದು ಮುಚ್ಚಳ ಬಿಗಿದು ಫ್ರಿಜ್ಜಿನಲ್ಲಿ ಮೂರು ದಿನ. ನಾಲ್ಕನೆಯ ದಿನ ಬೆಳ್ಳುಳ್ಳಿ ಒಗ್ಗರಣೆಗೆ ಸುರಿದು ಮರುವಾಯಿ ಚಿಪ್ಪು ಬೇಯಿಸಿ. ಅದಕ್ಕೂ ಕಾಯಿ ಅರೆದು ಹಾಕುವವರ ಹತ್ತಿರ ನನಗೆ ಮಾತಿಲ್ಲ.