ಎರಡು ಚಕ್ರದ ವಾನಪ್ರಸ್ಥ

ನಲವತ್ತೆರಡು ತುಂಬುತ್ತಿದ್ದಂತೆ ನನ್ನ ಷಡ್ಡಕನನ್ನು ಕಾಡು ಕರೆಯಿತು. ಹಿಂದಿನವರನ್ನೂ ಕರೆಯುತ್ತಿತ್ತು, ಅವರು ಒಂದು ಕಮಂಡಲ ಹಿಡಿದು ಎದ್ದು ಹೋಗಿಬಿಡುತ್ತಿದ್ದರು. ಇವನು ವೆಲ್ಡಿಂಗ್ ಶೆಡ್ಡಿಗೆ ಹೋದ.

‘ಟೆಂಟ್ ಟ್ರೇಲರ್ ಅಣ್ಣಾ. ಜೀಪಿನ ಹಿಂದೆ ಕಟ್ಕೊಂಡು ಹೋಗೋದು, ರಸ್ತೆ ಮುಗಿದ ಮೇಲೂ ಹೋಗೋದು, ಮನಸ್ಸು ಬಂದ ಕಡೆ ಟೆಂಟ್ ಬಿಚ್ಚಿ ಮಲಗೋದು. ಸರಳ ಬದುಕು!’ ಎಂದ. ಈ ಸರಳ ಬದುಕಿನ ಮೂಲ ಮಿಲಿಟರಿಯದಂತೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯ ಜೀಪಿನ ಹಿಂದೆ ಕಾಲು ಟನ್ನಿನ ಪುಟ್ಟ ಟ್ರೇಲರ್ ಕಟ್ಟುತ್ತಿತ್ತು, ಹೊಳೆಗೆ ಇಳಿಸಿದರೆ ಅದು ತೇಲುತ್ತಿತ್ತು. ಯುದ್ಧ ಮುಗಿದ ಮೇಲೆ ಸೈನ್ಯ ಮಾರಿದ್ದನ್ನು ಅಲ್ಲಿನ ಜನ ಕೊಂಡು, ಮದ್ದುಗುಂಡಿನ ಜಾಗದಲ್ಲಿ ಹಾಸಿಗೆ ಹಾಕಿಕೊಂಡು ಕಾಡಿಗೆ ನಡೆದರು. ನಮ್ಮವನು ಹಾಸಿಗೆಯಿಂದ ಶುರುಮಾಡಿ ಮದ್ದುಗುಂಡಿನ ಕಡೆಗೆ ಹೊರಟಿದ್ದಾನೆ.

2021ರಲ್ಲಿ ಇದ್ದದ್ದು ಒಂದು ಚಾಸಿ, ಎರಡು ಚಕ್ರ, ಒಂದು ತಗಡಿನ ಪೆಟ್ಟಿಗೆ, ಮೇಲೊಂದು ಟೆಂಟು. ಅಲ್ಲಿಗೇ ನಿಲ್ಲಿಸಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ, ನಾದಿನಿಯ ಎರಡೆಳೆ ಸರವೂ ಲಾಕರಿನಲ್ಲೇ ಇರುತ್ತಿತ್ತು. ಆದರೆ ಕಾಡಿನಲ್ಲಿ ಮೊಸರು ಹುಳಿಯಾಗುತ್ತದಲ್ಲ? ಆದ್ದರಿಂದ ಫ್ರಿಜ್ ಬಂತು. ಫ್ರಿಜ್ಜಿಗೆಂದು ಹನ್ನೆರಡು ವೋಲ್ಟಿನ, ನೂರು ಆಂಪಿಯರ್ ಅವರ್‌ನ ಲಿಥಿಯಂ ಬ್ಯಾಟರಿ ಬಂತು. ಪೂರ್ತಿ ಚಾರ್ಜ್ ಮಾಡಿದರೆ ಅದರಲ್ಲಿ ಹಿಡಿಯುವುದು 1.2 ಯೂನಿಟ್ ಕರೆಂಟು. ಗೃಹಜ್ಯೋತಿ ಮನೆಗೆ ತಿಂಗಳಿಗೆ 200 ಯೂನಿಟ್‌ವರೆಗೆ ಪುಕ್ಕಟೆ ಕೊಡುತ್ತಿರುವಾಗ ಒಂದೂಕಾಲು ಯೂನಿಟ್ಟೂ ಹಿಡಿಯದ ಡಬ್ಬಕ್ಕೆ ಮೂವತ್ತು ಸಾವಿರ ಸುರಿದನಲ್ಲ, ಅದಕ್ಕೆ ಅವನಿಟ್ಟ ಹೆಸರು ಸ್ವಾವಲಂಬನೆ.

ಆಮೇಲೆ ನೀರಿನ ಟ್ಯಾಂಕು ಬಂತು, ನೂರು ಲೀಟರ್. ನೀರು ಎಲ್ಲಿ ಹೋದರೂ ಲೀಟರಿಗೆ ಒಂದು ಕೆಜಿಯೇ ತೂಗುತ್ತದೆಂಬುದು ಸ್ಪ್ರಿಂಗ್ ಪಟ್ಟಾ ಕುಸಿದ ದಿನ ಗೊತ್ತಾಯಿತು. ಎರಡು ಪಟ್ಟಾ ಹೆಚ್ಚಿಗೆ ಹಾಕಿಸಿದ. ಗಾಡಿ ಎಷ್ಟು ಗಡಸಾಯಿತೆಂದರೆ, ಅಪಾರ್ಟ್‌ಮೆಂಟಿನ ಗೇಟಿನ ಹಂಪು ಹಾರಿಸಿದ್ದಷ್ಟಕ್ಕೇ ಫ್ರಿಜ್ಜಿನಲ್ಲಿದ್ದ ಮೊಟ್ಟೆಗಳೆಲ್ಲ ಆಮ್ಲೆಟ್ ಆಗುವ ಅರ್ಧ ದಾರಿ ಮುಗಿಸಿದ್ದವು. ಮೊಟ್ಟೆ ಉಳಿಸಲು ಶಾಕ್ ಅಬ್ಸಾರ್ಬರ್ ಬಂತು. ಅದಕ್ಕೆ ದಪ್ಪ ಆಕ್ಸಲ್, ಆಕ್ಸಲ್ಲಿಗೆ ದೊಡ್ಡ ಟಯರ್, ಟಯರಿಗೆ ಒಪ್ಪುವಂತೆ ಹೊಸ ಜೀಪು. ಒಂದು ಡಜನ್ ಮೊಟ್ಟೆಗಾಗಿ ಹದಿನೈದು ಲಕ್ಷದ ಜೀಪು ಕೊಂಡ ಮನುಷ್ಯ ಇಡೀ ಬಡಾವಣೆಗೆ ಇವನೊಬ್ಬನೇ.

ಟ್ರೇಲರಿನ ಒಟ್ಟು ತೂಕದಲ್ಲಿ ಹತ್ತರಲ್ಲೊಂದು ಪಾಲಾದರೂ ಮುಂದಿನ ಕೊಂಡಿಯ ಮೇಲೆ ಕೂರಬೇಕು, ಇಲ್ಲದಿದ್ದರೆ ವೇಗದಲ್ಲಿ ಅದು ಬಾಲ ಬೀಸುತ್ತದೆ. ಇದು ನಿಜವಾದ ಲೆಕ್ಕ, ತಮಾಷೆಯಲ್ಲ. ಅಳೆಯಲು ನಾದಿನಿಯ ತೂಕದ ಯಂತ್ರವನ್ನು ಕೊಂಡಿಯ ಕೆಳಗಿಟ್ಟ. ಸಿಲಿಂಡರನ್ನು ಹಿಂದಿನಿಂದ ಮುಂದಕ್ಕೆ, ಅಕ್ಕಿ ಡಬ್ಬವನ್ನು ಮುಂದಿನಿಂದ ಹಿಂದಕ್ಕೆ, ಎರಡು ಭಾನುವಾರ ಅದೇ ಪೂಜೆ. ಅಂದಿನಿಂದ ಆ ಯಂತ್ರ ಯಾರು ಹತ್ತಿದರೂ ಎಪ್ಪತ್ತನ್ನೇ ತೋರಿಸುತ್ತದೆ. ನಾದಿನಿ ಒಂದು ವಾರ ಊಟ ಬಿಟ್ಟಿದ್ದಳು, ಪಾಪ.

ಇನ್ನು ಕಾನೂನು. ಟ್ರೇಲರಿಗೂ ನೋಂದಣಿ ಬೇಕು. ಅರ್ಜಿಯಲ್ಲಿ ‘ತಯಾರಕರು’ ಎಂಬಲ್ಲಿ ವೆಲ್ಡಿಂಗ್ ಶೆಡ್ಡಿನವನ ಹೆಸರು ಬರೆಯೋಣವೆಂದರೆ ಅವನು ಬಿಲ್ಲನ್ನೇ ಕೊಟ್ಟಿಲ್ಲ. ಜೀಪಿನ ಮೂತಿಗೆ ಹಾಕಿಸಿದ್ದ ಕಬ್ಬಿಣದ ಮುಂಗೊಂಬು, ಅಂದರೆ ಬುಲ್‌ಬಾರ್, 2017ರಲ್ಲೇ ಕೇಂದ್ರ ಬೇಡವೆಂದ ವಸ್ತು. ಕಂಪನಿ ಕೊಟ್ಟ ವಿನ್ಯಾಸವನ್ನು ಮನಸ್ಸಿಗೆ ಬಂದಂತೆ ಬದಲಿಸುವ ಹಾಗಿಲ್ಲವೆಂದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ, 2019ರಲ್ಲಿ ಸುಪ್ರೀಂ ಕೋರ್ಟೂ ಹೇಳಿತು. ಷಡ್ಡಕ ಎಲ್ಲವನ್ನೂ ಓದಿ, ತನ್ನದು ಬದಲಾವಣೆಯಲ್ಲ, ‘ಅಪ್‌ಗ್ರೇಡ್’ ಎಂದು ತೀರ್ಪು ಕೊಟ್ಟುಕೊಂಡ.

ಹೋಗುವುದೆಲ್ಲಿಗೆ? ರಕ್ಷಿತಾರಣ್ಯಕ್ಕೆ ನುಗ್ಗಿದರೆ ಕೇಸು. ಅಭಯಾರಣ್ಯದಲ್ಲಿ ಡೇರೆ ಹಾಕುವ ಮಾತೇ ಇಲ್ಲ. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದಲೂ ರಾತ್ರಿ ಒಂಬತ್ತಾದ ಮೇಲೆ ಖಾಸಗಿ ವಾಹನಕ್ಕೆ ದಾರಿಯಿಲ್ಲ, ಅದು ಒಳ್ಳೆಯದೇ. ರಸ್ತೆ ಬಿಟ್ಟು ನಾವು ಹೋಗಲು ಜಾಗವಿಲ್ಲ, ರಸ್ತೆಯೇ ನಮ್ಮನ್ನು ಬಿಟ್ಟು ಹೋದ ಜಾಗ ಬೇಕೆಂದರೆ ಅವನ ಮನೆಯ ಹಿಂದಿನ ಕ್ರಾಸಿನಲ್ಲೇ ಇದೆ. ಹೀಗಾಗಿ ಟ್ರೇಲರ್ ಬಂದು ನಾಲ್ಕು ವರ್ಷವಾದರೂ ಸಿನಿಮಾ ಬಿಡುಗಡೆಯಾಗಲಿಲ್ಲ.

ಕೊನೆಗೆ 2025ರ ಜನವರಿಯಲ್ಲಿ ಸವದತ್ತಿಯ ನವಿಲುತೀರ್ಥ ಜಲಾಶಯದ ಹಿನ್ನೀರು ಎಂದು ತೀರ್ಮಾನವಾಯಿತು. ಸಾಕ್ಷಿಗೆ ನಾನು.

ಬೇಸ್‌ಮೆಂಟಿನಿಂದ ಹೊರಡಲು ಮುಕ್ಕಾಲು ಗಂಟೆ ಹಿಡಿಯಿತು. ರಿವರ್ಸಿನಲ್ಲಿ ಸ್ಟೇರಿಂಗ್ ಎಡಕ್ಕೆ ತಿರುಗಿಸಿದರೆ ಟ್ರೇಲರ್ ಬಲಕ್ಕೆ ಹೋಗುತ್ತದೆ. ಇದು ಷಡ್ಡಕನಿಗೆ ಗೊತ್ತಿತ್ತು, ವಾಚ್‌ಮನ್ನಿಗೆ ಗೊತ್ತಿರಲಿಲ್ಲ. ‘ಬರ್ಲಿ, ಬರ್ಲಿ, ಲೆಫ್ಟ್ ಕಟ್ ಮಾಡಿ ಸಾರ್, ಇನ್ನೂ ಲೆಫ್ಟು, ಬರ್ಲಿ ಬರ್ಲಿ’ ಎನ್ನುತ್ತಲೇ ಅವನು ಟ್ರೇಲರನ್ನು ಕಾರ್ಯದರ್ಶಿಯವರ ಕಾರಿನ ಬಾಗಿಲಿಗೆ ಮುಟ್ಟಿಸಿ, ‘ಸಾಕು ಸಾರ್’ ಎಂದ. ಆಮೇಲೆ ಹತ್ತಿರ ಬಂದು ಗುಟ್ಟಾಗಿ ಕೇಳಿದ: ‘ಅಂಗಡಿ ಎಲ್ಲಿ ಹಾಕ್ತೀರ ಸಾರ್? ಎಗ್ ರೈಸಾ, ಗೋಬಿನಾ?’

ನಾನು ಆಗಲೇ ಟ್ರೇಲರನ್ನು ಸರಿಯಾಗಿ ನೋಡಿದ್ದು. ಪಕ್ಕಕ್ಕೆ ಎಳೆದರೆ ಬರುವ ಸ್ಟೀಲ್ ಅಡುಗೆಕಟ್ಟೆ, ಎರಡು ಒಲೆ, ನೆರಳಿಗೆ ಬಿಚ್ಚುವ ಬಣ್ಣದ ಬಟ್ಟೆ, ಅದರ ಅಂಚಿಗೆ ಎಲ್‌ಇಡಿ ಸರ. ಸುಳ್ಳೇಕೆ ಹೇಳಲಿ, ನನಗೂ ಹಸಿವಾಯಿತು.

ಶಿರಾ ದಾಟಿ ಚಹಾ ಕಾಯಿಸಲು ನಿಲ್ಲಿಸಿದೆವು. ಕಟ್ಟೆ ಎಳೆದದ್ದೇ ತಡ, ಎರಡು ಬೈಕು ನಿಂತವು. 2024ರ ಮಾರ್ಚಿನಲ್ಲಿ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದೆಂದು ಆದೇಶಿಸಿತಲ್ಲ, ಒಬ್ಬ ಹುಡುಗ ಬಾಣಲೆ ಇಣುಕಿ ನೋಡಿ, ‘ಕಲರ್ ಹಾಕಲ್ಲ ತಾನೇ ಅಂಕಲ್?’ ಎಂದು ಖಚಿತಪಡಿಸಿಕೊಂಡ. ‘ಇದು ಆಫ್‌ರೋಡ್ ಕ್ಯಾಂಪರ್’ ಎಂದ ಷಡ್ಡಕ. ‘ಅದು ಎಷ್ಟು ಪ್ಲೇಟಿಗೆ?’ ಎಂದ ಹುಡುಗ.

ಬೆಳಗಾವಿ ಜಿಲ್ಲೆ ಹೊಕ್ಕಾಗ ಸಂಜೆ. ಕಬ್ಬಿನ ಹೊಲದ ಬದಿಯಲ್ಲಿ ತಾಡಪತ್ರಿಯ ಗುಡಿಸಲುಗಳ ಸಾಲು. ಕಬ್ಬು ಕಡಿಯಲು ಮಹಾರಾಷ್ಟ್ರದ ಬೀಡ್ ಕಡೆಯಿಂದ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಸಂಸಾರ ಹೇರಿಕೊಂಡು ಬಂದು ನಾಲ್ಕೈದು ತಿಂಗಳು ಹೀಗೆ ಇರುವವರು. ಮೂರು ಕಲ್ಲಿನ ಒಲೆಯ ಮುಂದೆ ಒಬ್ಬಾಕೆ ಭಕ್ರಿ ತಟ್ಟುತ್ತಿದ್ದಳು, ಕೂಸು ತೊಟ್ಟಿಲ ಸೀರೆಯಲ್ಲಿ. ಷಡ್ಡಕ ಗಾಡಿ ನಿಧಾನ ಮಾಡಿ ಕಿಟಕಿ ಇಳಿಸಿದ. ‘ಲೊಕೇಶನ್ ಸೂಪರ್ ಆಗಿದೆ ಅಲ್ವಾ ಅಣ್ಣಾ?’

ಹಿನ್ನೀರು ಇಳಿದ ಜಾಗದಲ್ಲಿ ಎರೆಮಣ್ಣು ಮೇಲೆ ಬಿರುಕು ಬಿಟ್ಟು ಒಣಗಿರುತ್ತದೆ, ಒಳಗೆ ಇನ್ನೂ ಹಲ್ವದ ಹದ. ಊರಿನ ದನಕ್ಕೂ ಗೊತ್ತಿರುವ ಈ ಸಂಗತಿ ಜಿಪಿಎಸ್‌ಗೆ ಗೊತ್ತಿರಲಿಲ್ಲ. ಟ್ರೇಲರ್ ಆಕ್ಸಲ್‌ವರೆಗೆ ಕೂತಿತು. ಎಳೆಯಹೋದ ಜೀಪಿನ ನಾಲ್ಕೂ ಚಕ್ರ ಕೆಸರು ಕಡೆದವು. ‘ಹೆದರಬೇಡಿ, ವಿಂಚ್ ಇದೆ’ ಎಂದ. ವಿಂಚೆಂದರೆ ಹಗ್ಗ ಸುತ್ತಿ ಗಾಡಿ ಎಳೆಯುವ ಯಂತ್ರ, ಅದರ ಹಗ್ಗ ಬಿಗಿಯಲು ಒಂದು ಮರ ಬೇಕು. ಕಣ್ಣು ಹಾಯಿಸಿದಷ್ಟು ದೂರ ಇದ್ದದ್ದು ಜೋಳ.

ಅಂದು ಬನದ ಹುಣ್ಣಿಮೆಯ ಹಿಂದಿನ ದಿನ. ಎಲ್ಲಮ್ಮನ ಗುಡ್ಡಕ್ಕೆ ಹೊರಟ ಚಕ್ಕಡಿಗಳು ದೂರದ ದಾರಿಯಲ್ಲಿದ್ದವು. ಎರಡು ಚಕ್ಕಡಿಯವರು ನಮ್ಮ ಎಲ್‌ಇಡಿ ಸರ ನೋಡಿ ಇತ್ತ ಇಳಿದು ಬಂದರು. ಮೊದಲು ಬಂದ ಹುಡುಗ, ‘ಗಿರ್ಮಿಟ್ ಐತೇನ್ರೀ?’ ಎಂದ. ಹಿಂದಿನವನು, ‘ಮಿರ್ಚಿ ಬಿಸಿ ಅದಾವೇನ್ ನೋಡ’ ಎಂದ. ಏನೂ ಇಲ್ಲವೆಂದು ತಿಳಿದ ಮೇಲೂ ಬೇಸರಿಸದೆ ನೊಗ ಬಿಚ್ಚಿ ಎತ್ತುಗಳನ್ನು ತಂದರು. ಎರಡು ಜೋಡಿ ಎತ್ತು, ಒಂದು ಹಗ್ಗ, ಮೂರು ಸಲ ‘ಹೋ ಹೋ’. ಏಳುನೂರು ಕೆಜಿಯ ಸರಳ ಬದುಕು ಗಟ್ಟಿ ನೆಲಕ್ಕೆ ಬಂತು.

ಅಷ್ಟರಲ್ಲಿ ಬ್ಯಾಟರಿ ಸತ್ತಿತ್ತು. ಒಲೆ ಹೊತ್ತಿಸಬಹುದಿತ್ತು, ಆದರೆ ನೀರಿನ ಪಂಪು ಕರೆಂಟಿನದು, ಟ್ಯಾಂಕಿನ ನೂರು ಲೀಟರಿನಲ್ಲಿ ಒಂದು ಲೋಟವೂ ಹೊರಗೆ ಬರಲಿಲ್ಲ. ಚಕ್ಕಡಿಯಲ್ಲಿದ್ದ ಅಜ್ಜಿ ಬುಟ್ಟಿ ಬಿಚ್ಚಿ ಸಜ್ಜಿ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ ಕೊಟ್ಟಳು, ಬಿಂದಿಗೆಯಿಂದ ನೀರು ಬಗ್ಗಿಸಿದಳು. ನಾವು ತಿನ್ನುವಾಗ ಆಕೆ ಟ್ರೇಲರನ್ನು ಒಂದು ಸುತ್ತು ಬಂದಳು. ಫ್ರಿಜ್ ನೋಡಿದಳು, ಹಾಸಿಗೆ ನೋಡಿದಳು, ಮಡಚುವ ಕಮೋಡ್ ನೋಡಿದಳು. ಷಡ್ಡಕನ ಬೆನ್ನ ಮೇಲೆ ಕೈಯಿಟ್ಟು ಕೇಳಿದಳು:

‘ಇಷ್ಟೆಲ್ಲಾ ಸಾಮಾನ ಹೇರ್ಕೊಂಡ ತಿರಗಾಕತ್ತೀಯಲ್ಲೋ ಯಪ್ಪಾ, ಮನಿ ಇಲ್ಲೇನ್ ನಿನಗ?’

ಬೆಂಗಳೂರು ಮುಟ್ಟುವವರೆಗೂ ಅವನು ಮಾತಾಡಲಿಲ್ಲ. ಹದಿನೈದು ದಿನದ ಮೇಲೆ ಹೊಸ ಅಪ್‌ಗ್ರೇಡ್ ಆಗಿದೆ, ಬಂದು ನೋಡಿ ಎಂದು ಫೋನ್ ಮಾಡಿದ. ಹೋದೆ. ಟ್ರೇಲರಿನ ಹಿಂಬಾಗಿಲಿಗೆ ಅಡ್ಡಡ್ಡ ಬೋರ್ಡು, ಹಳದಿ ಮೇಲೆ ಕೆಂಪಕ್ಷರ, ರಾತ್ರಿಯೂ ಹೊಳೆಯುವಂಥದ್ದು: ‘ಇಲ್ಲಿ ಏನನ್ನೂ ಮಾರುವುದಿಲ್ಲ’.

ಚೆನ್ನಾಗಿದೆ ಎಂದೆ. ಅವನು ಒಳಗೆ ಹೋದ ಮೇಲೆ ನಾದಿನಿ ಹತ್ತಿರ ಬಂದು ಮೆಲ್ಲಗೆ ಕೇಳಿದಳು: ‘ಭಾವ, ಬೋರ್ಡ್ ಬರೆಯೋರ ನಂಬರ್ ನಿಮ್ಮ ಹತ್ರ ಇದೆಯಾ? ಅದರ ಕೆಳಗೆ ಇನ್ನೊಂದು ಸಾಲು ಬರೆಸ್ಬೇಕಿತ್ತು, ಇದನ್ನ ಬಿಟ್ಟು ಅಂತ.’